ಮಾರ್ಗದರ್ಶಕರೊಡನೆ ಸಂಜೆಯ ಸೈಕಲ್ ಸವಾರಿ: ಬೆಂಗಳೂರು ನೋಡಲು ಹೊರಡುವವರಿಗೆ

“ಸಂಜೆ ಹೊತ್ತು ಸೈಕಲ್ ಮೇಲೆ ಊರು ತೋರಿಸುತ್ತಾರಂತೆ, ಹೋಗಬಹುದೇ?” ಎಂಬ ಪ್ರಶ್ನೆ ನನಗೆ ಬರುತ್ತಲೇ ಇರುತ್ತದೆ. ಅದರ ಬೆನ್ನಿಗೇ ಇನ್ನೆರಡು ಬರುತ್ತವೆ. ಈ ಟ್ರಾಫಿಕ್‌ನಲ್ಲಿ ಸೈಕಲ್ ತುಳಿಯಲು ಸಾಧ್ಯವೇ? ಹತ್ತು ವರ್ಷದಿಂದ ಸೈಕಲ್ ಮುಟ್ಟದವರಿಂದ ಆಗುತ್ತದೆಯೇ? ಮೂರಕ್ಕೂ ಹೌದೆಂದೇ ನನ್ನ ಉತ್ತರ. ಆದರೆ ದಿನ, ಹೊತ್ತು, ಊರಿನ ಯಾವ ಭಾಗ ಎಂಬುದನ್ನು ತಪ್ಪಾಗಿ ಆರಿಸಿಕೊಂಡರೆ, ಗೈಡ್ ಎಷ್ಟೇ ಜಾಣನಾಗಿದ್ದರೂ ನಿಮಗೆ ನೆನಪಿನಲ್ಲಿ ಉಳಿಯುವುದು ಹೊಗೆ ಮತ್ತು ಹಾರ್ನ್.

ಶುರುವಿಗೇ ಒಂದು ಗೊಂದಲ ಬಗೆಹರಿಸಿಕೊಳ್ಳಿ. ನಮ್ಮೂರಿನಲ್ಲಿ ‘ಬೈಕ್’ ಎಂದರೆ ಮೋಟಾರ್ ಸೈಕಲ್. ಪ್ರವಾಸಿಗರಿಗಾಗಿ ಬರೆದ ಜಾಹೀರಾತಿನಲ್ಲಿ ‘ಬೈಕ್ ಟೂರ್’ ಎಂದಿದ್ದರೆ ಅದು ತುಳಿಯುವ ಸೈಕಲ್ ಇರಬಹುದು, ಬ್ಯಾಟರಿಯ ಇ-ಬೈಕ್ ಇರಬಹುದು, ಪೆಟ್ರೋಲ್ ಗಾಡಿಯೂ ಇರಬಹುದು. ಪೆಟ್ರೋಲ್ ಗಾಡಿಯಾದರೆ ಡ್ರೈವಿಂಗ್ ಲೈಸೆನ್ಸ್ ಬೇಕು. ನೀವೇ ಓಡಿಸಲು ಬಾಡಿಗೆಗೆ ಕೊಡುವ ಗಾಡಿಯ ನಂಬರ್ ಕಪ್ಪು ಫಲಕದ ಮೇಲೆ ಹಳದಿ ಅಕ್ಷರದಲ್ಲಿರಬೇಕು. ಬಿಳಿ ಫಲಕದ ಖಾಸಗಿ ಗಾಡಿ ಕೊಟ್ಟರೆ ಬೇಡವೆನ್ನಿ. ಈ ಲೇಖನ ತುಳಿಯುವ ಸೈಕಲ್ಲಿಗೆ ಸಂಬಂಧಿಸಿದ್ದು.

ಬೇಕಾಗುವ ಸಾಮಾನು ಕಡಿಮೆ. ಮುಚ್ಚಿದ ಬೂಟು ಅಥವಾ ಹಿಂಬದಿಗೆ ಪಟ್ಟಿಯಿರುವ ಚಪ್ಪಲಿ, ತಿಳಿ ಬಣ್ಣದ ಅಂಗಿ, ಅರ್ಧ ಲೀಟರ್ ನೀರು, ತುಂಬಿದ ಚಾರ್ಜಿನ ಮೊಬೈಲ್, ಅದನ್ನು ಮಳೆಯಿಂದ ಕಾಯಲು ಒಂದು ಪ್ಲಾಸ್ಟಿಕ್ ಚೀಲ. ಸೀರೆ, ದುಪಟ್ಟಾ, ಅಗಲವಾದ ಪ್ಯಾಂಟ್ ಬೇಡ. ಚೈನ್ ಅವನ್ನು ಹಿಡಿದು ಎಳೆಯುತ್ತದೆ. ಪಂಚೆಯ ಮಾತು ಹೇಳಲೇಬೇಕಿಲ್ಲ.

1. ಪೇಟೆಯೋ ದಂಡೋ, ಒಂದನ್ನು ಆರಿಸಿಕೊಳ್ಳಿ

ಬೆಂಗಳೂರು ಒಂದೇ ನಗರಪಾಲಿಕೆಯ ಊರಾದದ್ದು 1949ರಲ್ಲಿ. ಅದಕ್ಕೆ ಮುಂಚೆ ಇಲ್ಲಿ ಎರಡು ಊರುಗಳಿದ್ದವು. ಪಡುವಣಕ್ಕೆ 1537ರಲ್ಲಿ ಕೆಂಪೇಗೌಡರು ಕೋಟೆ ಕಟ್ಟಿ ಬೆಳೆಸಿದ ಪೇಟೆ. ಮೂಡಣಕ್ಕೆ, ಹಲಸೂರಿನ ಪಕ್ಕದಲ್ಲಿ, 1809ರ ಹೊತ್ತಿಗೆ ಬ್ರಿಟಿಷರು ಸೈನ್ಯ ತಂದು ನೆಲೆಗೊಳಿಸಿದ ದಂಡು. ಇಂದು ಕಂಟೋನ್ಮೆಂಟ್ ಎನ್ನುವುದನ್ನೇ ಹಿರಿಯರು ದಂಡು ಎನ್ನುತ್ತಿದ್ದರು: ಎಂ.ಜಿ. ರಸ್ತೆ, ಬ್ರಿಗೇಡ್ ರಸ್ತೆ, ಶಿವಾಜಿನಗರ, ಟ್ರಿನಿಟಿ ವೃತ್ತದ ಆಸುಪಾಸು. ಎರಡರ ನಡುವೆ ಗಡಿಯಂತೆ ಹಬ್ಬಿರುವುದು ಕಬ್ಬನ್ ಪಾರ್ಕ್.

ಹೊಸಬರು ಮಾಡುವ ದೊಡ್ಡ ತಪ್ಪೆಂದರೆ ಒಂದೇ ಸಂಜೆಯಲ್ಲಿ ಎರಡನ್ನೂ ಮುಗಿಸಲು ಹೊರಡುವುದು. ಲೆಕ್ಕ ಹಾಕಿ ನೋಡಿ. ಅಭ್ಯಾಸವಿಲ್ಲದ ಹತ್ತು ಜನರ ಗುಂಪು ನಗರದ ರಸ್ತೆಯಲ್ಲಿ ಗಂಟೆಗೆ 10 ಕಿ.ಮೀ. ಹೋದರೆ ದೊಡ್ಡದು. 12 ಕಿ.ಮೀ. ದಾರಿಗೆ ಒಂದೂಕಾಲು ಗಂಟೆ ಬೇಕು. ಆರು ಕಡೆ ಹತ್ತು ಹತ್ತು ನಿಮಿಷ ನಿಂತರೆ ಇನ್ನೊಂದು ಗಂಟೆ. ಸಿಗ್ನಲ್‌ನಲ್ಲಿ ಒಡೆದುಹೋದ ಗುಂಪು ಮತ್ತೆ ಕೂಡಿಕೊಳ್ಳಲು ಅರ್ಧ ಗಂಟೆ. ಒಟ್ಟು ಎರಡು ಮುಕ್ಕಾಲು ಗಂಟೆಯಾಯಿತು. ‘ಎರಡು ಗಂಟೆಯಲ್ಲಿ ಹದಿನೈದು ತಾಣಗಳು’ ಎಂದು ಯಾರಾದರೂ ಹೇಳಿದರೆ ಅವರು ತೋರಿಸುವುದು ಕಾಂಪೌಂಡ್ ಗೋಡೆಗಳನ್ನು.

ಸಂಜೆಗೆ ದಂಡಿನ ಕಡೆಯೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ. ಪೇಟೆಯ ಗಲ್ಲಿಗಳು ಚೆನ್ನಾಗಿಲ್ಲವೆಂದಲ್ಲ; ಊರಿನ ಜೀವ ಇರುವುದೇ ಅಲ್ಲಿ. ಆದರೆ ಸಂಜೆ ಆರಕ್ಕೆ ಅವೆನ್ಯೂ ರಸ್ತೆ, ತರಗುಪೇಟೆ, ಚಿಕ್ಕಪೇಟೆಗಳಲ್ಲಿ ಸರಕಿನ ಆಟೊ, ಕೈಗಾಡಿ, ಮೂಟೆ ಹೊತ್ತ ಹಮಾಲಿಗಳ ನಡುವೆ ಸೈಕಲ್ಲನ್ನು ತುಳಿಯುವುದಿರಲಿ, ತಳ್ಳಿಕೊಂಡು ಹೋಗುವುದೂ ಅವರ ದುಡಿಮೆಗೆ ಅಡ್ಡಿ. 1791ರಲ್ಲಿ ಕಟ್ಟಿ ಮುಗಿದ ಟಿಪ್ಪುವಿನ ಮರದ ಬೇಸಿಗೆ ಅರಮನೆಯ ಬಾಗಿಲೂ ಆ ಹೊತ್ತಿಗೆ ಮುಚ್ಚಿರುತ್ತದೆ. ಪೇಟೆಯನ್ನು ಭಾನುವಾರ ಬೆಳಿಗ್ಗೆ ಆರು ಗಂಟೆಗೆ, ಕೆ.ಆರ್. ಮಾರುಕಟ್ಟೆಯಲ್ಲಿ ಹೂವಿನ ರಾಶಿ ಬಿದ್ದಿರುವಾಗ ನೋಡಿ. ಶಿವನಸಮುದ್ರದಿಂದ ಬಂದ ವಿದ್ಯುತ್ತಿನಲ್ಲಿ ಊರಿನ ಮೊದಲ ಬೀದಿದೀಪಗಳು 1905ರಲ್ಲಿ ಹೊತ್ತಿಕೊಂಡದ್ದು ಆ ಮಾರುಕಟ್ಟೆಯ ಹತ್ತಿರವೇ. ಅದಕ್ಕಾಗಿ ಸಂಜೆಯೇ ಹೋಗಬೇಕೆನ್ನುವವರು ನಡೆದು ಹೋಗಲಿ.

ಮಕ್ಕಳೊಡನೆ ಹೋಗುವವರಿಗೆ ಮೂರನೆಯದೊಂದು ದಾರಿಯಿದೆ, ಬಸವನಗುಡಿ. ದೊಡ್ಡ ಬಸವಣ್ಣ, ಬ್ಯೂಗಲ್ ರಾಕ್, ಗಾಂಧಿ ಬಜಾರ್ ಎಲ್ಲವೂ ನಾಲ್ಕೈದು ಕಿ.ಮೀ. ಒಳಗೆ ಸಿಗುತ್ತವೆ, ಒಳರಸ್ತೆಗಳಲ್ಲಿ ಮರದ ನೆರಳಿದೆ. ಕಾರ್ತಿಕದ ಕೊನೆಯ ಸೋಮವಾರ ಮತ್ತು ಅದರ ಹಿಂದುಮುಂದಿನ ದಿನಗಳಲ್ಲಿ ಮಾತ್ರ ಬೇಡ. ಕಡಲೆಕಾಯಿ ಪರಿಷೆಯ ಜನಸಾಗರದಲ್ಲಿ ಸೈಕಲ್ಲಿಗೆ ಜಾಗವಿಲ್ಲ. ದೋಸೆಯ ಆಸೆಯಿದ್ದರೆ ಶುಕ್ರವಾರವನ್ನೂ ಬಿಡಿ. 1943ರಿಂದ ನಡೆಯುತ್ತಿರುವ ವಿದ್ಯಾರ್ಥಿ ಭವನಕ್ಕೆ ಅಂದು ರಜೆ.

2. ದಿನ ಮತ್ತು ಹೊತ್ತು

ಭಾನುವಾರ, ಇಲ್ಲವೇ ಸರ್ಕಾರಿ ರಜೆಯ ಸಂಜೆ. ಕಾರಣ ಎರಡು. ಭಾನುವಾರ ಕಬ್ಬನ್ ಪಾರ್ಕಿನೊಳಗಿನ ರಸ್ತೆಗಳಿಗೆ ಮೋಟಾರು ವಾಹನಗಳನ್ನು ಬಿಡುವುದಿಲ್ಲ. ಸೈಕಲ್ ಮರೆತವರು ಮತ್ತೆ ಕಲಿಯಲು ಅದಕ್ಕಿಂತ ಒಳ್ಳೆಯ ಜಾಗ ನಗರದ ನಡುವೆ ಇನ್ನೊಂದಿಲ್ಲ. ವಿಧಾನಸೌಧದ ದೀಪಾಲಂಕಾರ ಇರುವುದೂ ಭಾನುವಾರ ಮತ್ತು ರಜಾದಿನಗಳ ಸಂಜೆ. ಬುಧವಾರ ಹೋಗಿ, ಕತ್ತಲಲ್ಲಿ ಕಪ್ಪಾಗಿ ನಿಂತ ಕಟ್ಟಡ ನೋಡಿ ಬಂದು ನನಗೆ ದೂರು ಬರೆದವರಿದ್ದಾರೆ.

ಹೊರಡುವ ಗಂಟೆಯನ್ನು ಸೂರ್ಯನಿಂದ ಹಿಂದಕ್ಕೆ ಎಣಿಸಿ. ಬೆಂಗಳೂರಿನಲ್ಲಿ ನವೆಂಬರಿನಲ್ಲಿ ಸುಮಾರು 5.50ಕ್ಕೇ ಸೂರ್ಯ ಮುಳುಗುತ್ತಾನೆ. ಜುಲೈನಲ್ಲಿ ಸುಮಾರು 6.50ಕ್ಕೆ. ನಮ್ಮಲ್ಲಿ ಮುಸ್ಸಂಜೆ ಚಿಕ್ಕದು, ಸೂರ್ಯ ಮುಳುಗಿ ಇಪ್ಪತ್ತು ಇಪ್ಪತ್ತೈದು ನಿಮಿಷಕ್ಕೆ ರಸ್ತೆಯ ಗುಂಡಿ ಕಣ್ಣಿಗೆ ಕಾಣಿಸದು. ಸೂರ್ಯಾಸ್ತಕ್ಕೆ ಒಂದೂವರೆ ಗಂಟೆ ಮುಂಚೆ ಹೊರಟರೆ ದಾರಿಯ ಹೆಚ್ಚಿನ ಭಾಗ ಬೆಳಕಿನಲ್ಲಿ ಮುಗಿದು, ಕೊನೆಯ ತುಂಡು ಮಾತ್ರ ದೀಪದಲ್ಲಿ ಉಳಿಯುತ್ತದೆ. ವರ್ಷವಿಡೀ ‘ಸಂಜೆ ಆರಕ್ಕೆ’ ಎಂದು ಒಂದೇ ಗಂಟೆ ಹೇಳುವ ಪ್ರವಾಸವನ್ನು ನವೆಂಬರಿನಲ್ಲಿ ಆರಿಸಿಕೊಳ್ಳಬೇಡಿ.

3. ಹಣ ಕಟ್ಟುವ ಮುನ್ನ

ಫೋನ್ ಮಾಡಿಯೇ ಕೇಳಿ, ಸಂದೇಶದಲ್ಲಿ ಬೇಡ. ಉತ್ತರಿಸುವವರ ದನಿಯಲ್ಲೇ ಅರ್ಧ ವಿಷಯ ತಿಳಿಯುತ್ತದೆ.

ಒಬ್ಬ ಗೈಡಿಗೆ ಎಷ್ಟು ಜನ? ಎಂಟು ಹತ್ತು ಜನರಿಗೆ ಒಬ್ಬರು ಮುಂದೆ, ಒಬ್ಬರು ಹಿಂದೆ ಇರಬೇಕು. ಹಿಂದೆ ಬರುವವರನ್ನು ಸೈಕಲ್ ಸವಾರರು ‘ಸ್ವೀಪ್’ ಎನ್ನುತ್ತಾರೆ. ಗುಂಪಿನ ಬಾಲ ಹಿಡಿದು ಬಂದು, ಚೈನ್ ಕಳಚಿದವರನ್ನೂ ಉಸಿರು ಹತ್ತಿದವರನ್ನೂ ನೋಡಿಕೊಳ್ಳುವುದು ಅವರ ಕೆಲಸ. ಸ್ವೀಪ್ ಇಲ್ಲದ ಪ್ರವಾಸಕ್ಕೆ ಹೋಗಲೇಬೇಡಿ. ಈ ಇಡೀ ಲೇಖನದಲ್ಲಿ ನಾನು ರಿಯಾಯಿತಿ ಕೊಡದ ಒಂದೇ ಮಾತು ಇದು. ಒಮ್ಮೆ ಸ್ವೀಪ್ ಇಲ್ಲದ ಗುಂಪಿನೊಡನೆ ಹೋಗಿದ್ದಾಗ, ಟ್ಯೂಬ್ ಪಂಕ್ಚರ್ ಆಗಿ ನಾನು ಹಿಂದೆ ಉಳಿದದ್ದು ಗೈಡಿಗೆ ಗೊತ್ತಾದದ್ದು ಮುಕ್ಕಾಲು ಗಂಟೆಯ ಮೇಲೆ.

ಇನ್ನುಳಿದವು ಚಿಕ್ಕವು. ಹೆಲ್ಮೆಟ್, ಮುಂದಿನ ಮತ್ತು ಹಿಂದಿನ ದೀಪ ಹೇಳಿದ ಹಣದಲ್ಲಿ ಸೇರಿವೆಯೇ? ನಿಮ್ಮ ಎತ್ತರಕ್ಕೆ ಸೈಕಲ್ ಇದೆಯೇ? ಮಳೆ ಬಂದರೆ ಹಣ ಹಿಂತಿರುಗುತ್ತದೆಯೋ, ಬೇರೆ ದಿನ ಕೊಡುತ್ತಾರೋ? ಠೇವಣಿ ಎಷ್ಟು? ಕನ್ನಡದಲ್ಲಿ ವಿವರಿಸುವವರು ಇದ್ದಾರೆಯೇ ಎಂದೂ ಕೇಳಿ. ಸಂಕೋಚ ಬೇಡ. ಕೇಳುವವರಿಲ್ಲದ ಕಾರಣಕ್ಕೇ ಎಷ್ಟೋ ಕಡೆ ವಿವರಣೆ ಇಂಗ್ಲಿಷಿನಲ್ಲೇ ಉಳಿದಿದೆ.

4. ಸೈಕಲ್ ಕೈಗೆ ಬಂದಾಗ

ಗಾಳಿ, ಬ್ರೇಕ್, ಚೈನ್, ಈ ಮೂರನ್ನು ನೀವೇ ನೋಡಿ. ಟೈರನ್ನು ಹೆಬ್ಬೆರಳಿನಿಂದ ಒತ್ತಿ. ತಗ್ಗಿದರೆ ಗಾಳಿ ಹಾಕಿಸಿ. ಎಷ್ಟು ಗಾಳಿ ಬೇಕೆಂಬುದು ಟೈರಿನ ಪಕ್ಕದಲ್ಲಿಯೇ ‘ಪಿಎಸ್‌ಐ’ ಎಂಬ ಒತ್ತಡದ ಅಳತೆಯಲ್ಲಿ ಅಚ್ಚಾಗಿರುತ್ತದೆ. ಬ್ರೇಕಿನ ಎರಡೂ ಹಿಡಿಗಳನ್ನು ಒಂದೊಂದಾಗಿ ಒತ್ತಿ ಸೈಕಲ್ ತಳ್ಳಿ ನೋಡಿ, ಯಾವ ಕೈಗೆ ಯಾವ ಚಕ್ರ ನಿಲ್ಲುತ್ತದೆ ಎಂದು ತಿಳಿದುಕೊಳ್ಳಿ. ಎಲ್ಲ ಸೈಕಲ್‌ಗಳಲ್ಲೂ ಅದು ಒಂದೇ ರೀತಿ ಇರುವುದಿಲ್ಲ. ಇಳಿಜಾರಿನಲ್ಲಿ ಮುಂದಿನದನ್ನೊಂದೇ ಗಟ್ಟಿಯಾಗಿ ಹಿಡಿದರೆ ಹ್ಯಾಂಡಲ್ ಮೇಲಿಂದ ಹಾರಿ ಬೀಳುತ್ತೀರಿ.

ಸೀಟಿನ ಎತ್ತರಕ್ಕೆ ಸುಲಭದ ಅಳತೆಯಿದೆ. ಸೀಟಿನ ಮೇಲೆ ಕುಳಿತು, ಪೆಡಲ್ ಅತ್ಯಂತ ಕೆಳಗಿರುವಾಗ ಹಿಮ್ಮಡಿಯನ್ನು ಅದರ ಮೇಲಿಡಿ. ಮೊಣಕಾಲು ನೇರವಾಗಬೇಕು. ಹೊಸಬರು ಎರಡೂ ಪಾದ ನೆಲಕ್ಕೆ ಊರುವಷ್ಟು ತಗ್ಗಿಸಿಕೊಳ್ಳುತ್ತಾರೆ. ಧೈರ್ಯವೇನೋ ಬರುತ್ತದೆ, ಆದರೆ ನಾಲ್ಕು ಕಿ.ಮೀ. ಆದ ಮೇಲೆ ಮೊಣಕಾಲು ಹಿಡಿದುಕೊಳ್ಳುತ್ತದೆ. ತೀರಾ ಭಯವಿದ್ದರೆ ಒಂದಿಂಚು ತಗ್ಗಿಸಿ, ಅಷ್ಟೇ.

ಹೆಲ್ಮೆಟ್ ಹುಬ್ಬಿನಿಂದ ಎರಡು ಬೆರಳು ಮೇಲಿರಲಿ. ತಲೆಯ ಹಿಂಬದಿಗೆ ಜಾರಿಸಿ ಹಾಕಿದ ಹೆಲ್ಮೆಟ್ ಫೋಟೊಗೆ ಮಾತ್ರ.

ಗೇರಿಗೆ ಹೆದರಬೇಡಿ. ಎಡಗೈ ಬದಿಯದನ್ನು ನಡುವಿನಲ್ಲಿಟ್ಟು ಮರೆತುಬಿಡಿ. ಬಲಗೈಯದನ್ನು ಏರಿನಲ್ಲಿ ಹಗುರಕ್ಕೆ, ಇಳಿತದಲ್ಲಿ ಭಾರಕ್ಕೆ ಬದಲಿಸಿ. ಏರು ಶುರುವಾಗುವ ಮುಂಚೆಯೇ, ಪೆಡಲ್ ತಿರುಗುತ್ತಿರುವಾಗಲೇ ಬದಲಿಸಬೇಕು. ನಿಂತು ಬದಲಿಸಿದರೆ ಚೈನ್ ಕಳಚುತ್ತದೆ. ಬೆಂಗಳೂರು ಸಮತಟ್ಟು ಎಂದು ಕಾರಿನಲ್ಲಿ ಓಡಾಡುವವರು ತಿಳಿದಿರುತ್ತಾರೆ. ಊರಿನ ಒಂದು ಭಾಗಕ್ಕೆ ಹೈಗ್ರೌಂಡ್ಸ್ (ಎತ್ತರದ ನೆಲ) ಎಂದು ಸುಮ್ಮನೆ ಹೆಸರಿಟ್ಟದ್ದಲ್ಲ ಎಂಬುದು ಸೈಕಲ್ ಮೇಲೆ ಅರ್ಥವಾಗುತ್ತದೆ.

5. ರಸ್ತೆಗೆ ಇಳಿದ ಮೇಲೆ

ಒಬ್ಬರ ಹಿಂದೆ ಒಬ್ಬರು, ನಡುವೆ ಎರಡು ಸೈಕಲ್ ಉದ್ದದ ಅಂತರ. ಎಡಕ್ಕೆ ಇರಿ, ಆದರೆ ಚರಂಡಿಯ ಅಂಚಿಗೆ ಅಂಟಿಕೊಳ್ಳಬೇಡಿ. ಮರಳು, ಒಡೆದ ಗಾಜು, ಚಕ್ರ ಸಿಕ್ಕಿಕೊಳ್ಳುವ ಕಬ್ಬಿಣದ ಜಾಲರಿ ಎಲ್ಲ ಅಲ್ಲಿಯೇ ಇರುತ್ತವೆ. ನಿಂತ ಕಾರುಗಳಿಂದ ಒಂದು ಬಾಗಿಲಿನಷ್ಟು ದೂರ ಹೋಗಿ; ಒಳಗಿರುವವರು ಕನ್ನಡಿ ನೋಡಿ ಬಾಗಿಲು ತೆರೆಯುತ್ತಾರೆಂಬ ನಂಬಿಕೆ ನಮ್ಮೂರಿನಲ್ಲಿ ದುಬಾರಿ. ಆಟೊದ ಹಿಂದೆ ಹೋಗುವಾಗ ಫುಟ್‌ಪಾತಿನ ಮೇಲೆ ಕೈ ಎತ್ತಿದವರಿದ್ದಾರೆಯೇ ನೋಡುತ್ತಿರಿ. ಇದ್ದರೆ ಆಟೊ ನಿಲ್ಲುತ್ತದೆ, ಸೂಚನೆಯಿಲ್ಲದೆ.

ಮುಂದಿನವರು ಕೈಯಿಂದ ನೆಲ ತೋರಿಸಿದರೆ ಗುಂಡಿ, ಅಂಗೈ ಹಿಂದಕ್ಕೆ ತೋರಿಸಿದರೆ ನಿಲ್ಲುತ್ತಾರೆ. ನೀವೂ ಅದನ್ನು ನಿಮ್ಮ ಹಿಂದಿನವರಿಗೆ ದಾಟಿಸಿ. ಸಿಗ್ನಲ್ ಹಳದಿಗೆ ತಿರುಗಿದಾಗ ಗುಂಪು ತಪ್ಪುತ್ತದೆಂದು ನುಗ್ಗಬೇಡಿ. ಹೆಚ್ಚಿನ ಅಪಾಯಗಳು ಆ ಗಾಬರಿಯಲ್ಲೇ ಆಗುತ್ತವೆ. ಆಚೆ ದಾಟಿದವರು ಕಾಯುತ್ತಾರೆ, ನಿಮ್ಮೊಡನೆ ಸ್ವೀಪ್ ಇರುತ್ತಾರೆ. ದಂಡಿನ ಕಡೆ ಬ್ರಿಗೇಡ್ ರಸ್ತೆ, ಸೇಂಟ್ ಮಾರ್ಕ್ಸ್ ರಸ್ತೆಯಂಥ ಏಕಮುಖ ರಸ್ತೆಗಳು ಹಲವು. ‘ಸೈಕಲ್ ತಾನೇ’ ಎಂದು ಎದುರಿಗೆ ತಿರುಗಿಸುವ ಗೈಡ್ ಸಿಕ್ಕರೆ ಇಳಿದು ತಳ್ಳಿಕೊಂಡು ಹೋಗಿ.

ಕತ್ತಲಾಗುವ ಹದಿನೈದು ನಿಮಿಷ ಮುಂಚೆಯೇ ದೀಪ ಹಚ್ಚಿ. ಮುಂದೆ ಬಿಳಿ, ಹಿಂದೆ ಕೆಂಪು. ಗುಂಪಿನಲ್ಲಿ ಎಲ್ಲರ ಹಿಂದೀಪವೂ ಮಿನುಗುತ್ತಿದ್ದರೆ ಹಿಂದಿನವರ ಕಣ್ಣು ಕೋರೈಸುತ್ತದೆ. ಮಿನುಗು ಸ್ವೀಪ್‌ಗೆ ಬಿಟ್ಟು ನೀವು ಸ್ಥಿರ ಬೆಳಕಿಡಿ.

6. ದಾರಿ

ಗೈಡುಗಳು ಒಬ್ಬೊಬ್ಬರು ಒಂದೊಂದು ದಾರಿ ಹಿಡಿಯುತ್ತಾರೆ. ಕಬ್ಬನ್ ಪಾರ್ಕಿನಿಂದ ಹೊರಟು, ಎಂ.ಜಿ. ರಸ್ತೆಯ ಮೇಲೆ ಹಲಸೂರು ಕೆರೆ ಮುಟ್ಟಿ, ಕತ್ತಲಾದ ಮೇಲೆ ವಿಧಾನಸೌಧಕ್ಕೆ ಮರಳುವ ದಾರಿ ನನಗೆ ಇಷ್ಟ. ನಿಮ್ಮ ಗೈಡ್ ವಿಧಾನಸೌಧವನ್ನೇ ಮೊದಲಿಗೆ ಇಟ್ಟಿದ್ದರೆ ಕೊನೆಗೆ ತಳ್ಳಲು ಕೇಳಿಕೊಳ್ಳಿ.

ಪಾರ್ಕಿನಲ್ಲಿ ಮೊದಲ ಇಪ್ಪತ್ತು ನಿಮಿಷ ಸುತ್ತಿ ಕೈಕಾಲು ಹದ ಮಾಡಿಕೊಳ್ಳಿ. 1870ರಲ್ಲಿ ಬ್ರಿಟಿಷ್ ಎಂಜಿನಿಯರ್ ರಿಚರ್ಡ್ ಸ್ಯಾಂಕಿ ರೂಪಿಸಿದ ತೋಟ ಇದು. ಶ್ರೀ ಚಾಮರಾಜೇಂದ್ರ ಉದ್ಯಾನ ಎಂಬ ಅಧಿಕೃತ ಹೆಸರು ನಾಲಿಗೆಗೆ ಹತ್ತಲೇ ಇಲ್ಲ. ಗ್ರಂಥಾಲಯವಿರುವ ಕೆಂಪು ಕಟ್ಟಡ ಶೇಷಾದ್ರಿ ಅಯ್ಯರ್ ಸ್ಮಾರಕ ಭವನ. 1883ರಿಂದ 1901ರವರೆಗೆ ಮೈಸೂರಿನ ದಿವಾನರಾಗಿದ್ದವರು ಅವರು. ಶಿವನಸಮುದ್ರದ ವಿದ್ಯುತ್ ಯೋಜನೆಗೆ ಕೈಹಾಕಿದ್ದು ಅವರ ಕಾಲದಲ್ಲೇ. ಸಂಜೆ ದೀಪ ನೋಡಲು ಹೊರಟವರು ಅಲ್ಲಿ ಒಂದು ನಿಮಿಷ ನಿಲ್ಲುವುದು ನ್ಯಾಯ. ಹೈಕೋರ್ಟಿನ ಮುಂದಿದ್ದ, ಮೈಸೂರಿನ ಬ್ರಿಟಿಷ್ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ನನ ಪ್ರತಿಮೆ 2020ರಲ್ಲಿ ಪಾರ್ಕಿನೊಳಕ್ಕೆ ಬಂದಿದೆ.

ಕಸ್ತೂರ್ಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯ 1865ರಷ್ಟು ಹಳೆಯ ಸಂಸ್ಥೆ. ಸಂಜೆ ಒಳಗೆ ಹೋಗಲಾಗದು, ಹೊರಗಿನಿಂದ ನೋಡಿ ಸಾಗಿ. ರಾಣಿ ವಿಕ್ಟೋರಿಯಾ ಪ್ರತಿಮೆಯ ಬಳಿ ದಂಡು ಶುರುವಾಗುತ್ತದೆ. ಚರ್ಚ್ ಸ್ಟ್ರೀಟ್‌ನಲ್ಲಿ ಇಳಿದು ತಳ್ಳಿಕೊಂಡು ಹೋಗಿ. ಅದರ ಕಲ್ಲುಹಾಸು ಒದ್ದೆಯಾದರೆ ಜಾರುತ್ತದೆ, ರಜೆಯ ಸಂಜೆ ಜನರೂ ಹೆಚ್ಚು. ಕಾಫಿ ಕುಡಿಯುವುದಿದ್ದರೆ ಇಲ್ಲಿಯೇ ಕುಡಿಯಿರಿ. ಮೇಯೊ ಹಾಲ್, ಟ್ರಿನಿಟಿ ಚರ್ಚ್ ದಾಟಿ ಕೆರೆಯ ಕಡೆಗೆ ಇಳಿಜಾರು. ಹೋಗುವಾಗ ಸುಖ, ಬರುವಾಗ ಅಷ್ಟೇ ಏರು ಎಂಬುದು ನೆನಪಿರಲಿ. ಕೆರೆಯ ದಡದಲ್ಲಿ ಸೂರ್ಯ ಮುಳುಗಿದರೆ ನಿಮ್ಮ ಲೆಕ್ಕ ಸರಿಯಾಗಿದೆ ಎಂದರ್ಥ. ಇಲ್ಲಿಂದ ಕಬ್ಬನ್ ರಸ್ತೆಯವರೆಗೂ ಸೈನ್ಯದ ಜಾಗಗಳಿವೆ. ಅವುಗಳ ಗೇಟು, ಕಾವಲುಗಾರರ ಫೋಟೊ ತೆಗೆಯಬೇಡಿ.

ಕೊನೆಗೆ ವಿಧಾನಸೌಧದ ಮುಂದಿನ ಅಂಬೇಡ್ಕರ್ ವೀದಿ. ಇದು ಅಗಲವಾದ ರಸ್ತೆ, ವಾಹನಗಳ ವೇಗ ಹೆಚ್ಚು. ಸೈಕಲ್ಲನ್ನು ಫುಟ್‌ಪಾತಿನ ಪಕ್ಕ ನಿಲ್ಲಿಸಿ, ಕಾಲ್ನಡಿಗೆಯಲ್ಲೇ ದಾಟಿ. ಗೇಟಿನ ಮುಂದೆ ಗುಂಪುಗೂಡಲು ಪೊಲೀಸರು ಬಿಡುವುದಿಲ್ಲ. ಎದುರು ಬದಿಯಿಂದ ನೋಟವೂ ಚೆನ್ನ. ವಿಧಾನಸೌಧಕ್ಕೆ 1951ರಲ್ಲಿ ನೆಹರೂ ಅಡಿಗಲ್ಲು ಇಟ್ಟರು. ಕೆಂಗಲ್ ಹನುಮಂತಯ್ಯ ಪಟ್ಟುಹಿಡಿದು ಕಲ್ಲಿನಲ್ಲೇ ಕಟ್ಟಿಸಿದರು. 1956ರಲ್ಲಿ ಕಟ್ಟಡ ಮುಗಿಯುವ ಹೊತ್ತಿಗೆ ಅವರ ಮುಖ್ಯಮಂತ್ರಿ ಪದವಿ ಹೋಗಿತ್ತು. ‘ಸರ್ಕಾರದ ಕೆಲಸ ದೇವರ ಕೆಲಸ’ ಎಂಬ ಬರಹವನ್ನು ಓದಿದ ಮೇಲೆ ಬೆನ್ನು ತಿರುಗಿಸಿ ನಿಲ್ಲಿ. ಎದುರಿಗಿರುವ ಕೆಂಪು ಕಟ್ಟಡ ಅಠಾರಾ ಕಚೇರಿ, ಈಗಿನ ಹೈಕೋರ್ಟ್. ಅಠಾರಾ ಎಂದರೆ ಉರ್ದುವಿನಲ್ಲಿ ಹದಿನೆಂಟು. 1868ರಲ್ಲಿ ಮುಗಿದ ಈ ಕಟ್ಟಡದಲ್ಲಿ ಹದಿನೆಂಟು ಇಲಾಖೆಗಳಿದ್ದವು. ಪರರ ಆಳ್ವಿಕೆಯ ಕಚೇರಿಗೆ ಎದುರಾಗಿ ನಮ್ಮದೊಂದು ದೊಡ್ಡದು ನಿಲ್ಲಲಿ ಎಂಬ ಹಟ ಅಲ್ಲಿ ನಿಂತರೆ ಕಣ್ಣಿಗೇ ಕಾಣುತ್ತದೆ. ಈ ನಿಲುಗಡೆಗೆ ಹತ್ತು ನಿಮಿಷ ಸಾಲದು, ಇಪ್ಪತ್ತು ಕೇಳಿ.

7. ಗೈಡಿನ ಮಾತು

ಗೈಡನ್ನು ಅಳೆಯಲು ಒಂದು ಪ್ರಶ್ನೆ ಸಾಕು: ಬೆಂಗಳೂರು ಎಂಬ ಹೆಸರು ಹೇಗೆ ಬಂತು? ಹೊಯ್ಸಳ ವೀರಬಲ್ಲಾಳನಿಗೆ ಅಜ್ಜಿಯೊಬ್ಬಳು ಬೆಂದ ಕಾಳು ಕೊಟ್ಟಳು, ಬೆಂದಕಾಳೂರು ಬೆಂಗಳೂರಾಯಿತು ಎಂದು ಎಲ್ಲರೂ ಹೇಳುತ್ತಾರೆ. ಕಥೆ ಚೆನ್ನಾಗಿದೆ. ಆದರೆ ಸುಮಾರು 890ರ ಬೇಗೂರಿನ ವೀರಗಲ್ಲಿನಲ್ಲೇ ‘ಬೆಂಗಳೂರು ಕಾಳಗ’ದ ಮಾತಿದೆ, ಬಲ್ಲಾಳನಿಗಿಂತ ಮುನ್ನೂರು ವರ್ಷ ಹಿಂದೆ. ಎರಡನ್ನೂ ಹೇಳುವ ಗೈಡ್ ಸಿಕ್ಕರೆ ಪ್ರಶ್ನೆ ಕೇಳುತ್ತಲೇ ಹೋಗಿ. ಕಾಳಿನ ಕಥೆಯೊಂದನ್ನೇ ಹೇಳುವವರ ಇಸವಿಗಳನ್ನು ಮನೆಗೆ ಬಂದು ಒಮ್ಮೆ ಪರಿಶೀಲಿಸಿ. ಎಲ್ಲರೆದುರು ತಿದ್ದಬೇಡಿ, ಅವರ ಹೊಟ್ಟೆಪಾಡಿನ ವಿಷಯ.

8. ಮಳೆ ಹಿಡಿದರೆ

ಏಪ್ರಿಲ್, ಮೇ ತಿಂಗಳ ಸಂಜೆಗಳಲ್ಲಿ ಗುಡುಗಿನ ಮಳೆ, ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಜಡಿಮಳೆ. ಮೊದಲ ಹನಿಗೇ ನಿಂತು ಕಟ್ಟಡದಡಿ ಆಶ್ರಯ ಪಡೆಯಿರಿ. ಮರದಡಿ ಬೇಡ, ಗಾಳಿಮಳೆಗೆ ಕೊಂಬೆ ಮುರಿದು ಬೀಳುವುದು ಇಲ್ಲಿ ಪ್ರತಿವರ್ಷದ ಸುದ್ದಿ. ನೀರು ನಿಂತ ಕೆಳಸೇತುವೆಗೆ ಯಾವ ಕಾರಣಕ್ಕೂ ಇಳಿಯಬೇಡಿ. 2023ರ ಮೇ ತಿಂಗಳಲ್ಲಿ ಕೆ.ಆರ್. ವೃತ್ತದ ಕೆಳಸೇತುವೆಯಲ್ಲಿ ಕಾರು ಮುಳುಗಿ ಯುವತಿಯೊಬ್ಬರು ಪ್ರಾಣ ಕಳೆದುಕೊಂಡರು. ಮಳೆ ನಿಂತ ಮೇಲೂ ರಸ್ತೆಯ ಬಿಳಿ ಪಟ್ಟಿ, ಕಬ್ಬಿಣದ ಮುಚ್ಚಳ, ಉದುರಿದ ಹೂವಿನ ಹಾಸು ಎಣ್ಣೆಯಂತೆ ಜಾರುತ್ತವೆ. ಅವುಗಳ ಮೇಲೆ ಬ್ರೇಕ್ ಹಿಡಿಯದೆ, ಹ್ಯಾಂಡಲ್ ತಿರುಗಿಸದೆ ನೇರ ದಾಟಿ. ಬಿದ್ದು ಪೆಟ್ಟಾದರೆ 108 ಆಂಬುಲೆನ್ಸಿಗೆ, 112 ಎಲ್ಲ ತುರ್ತಿಗೆ.

9. ಸೈಕಲ್ ಮರಳಿಸುವಾಗ

ತೆಗೆದುಕೊಳ್ಳುವಾಗಲೇ ಸೈಕಲ್ಲಿನ ಗೀರುಗಳ ಫೋಟೊ ತೆಗೆದಿಟ್ಟಿದ್ದರೆ ಠೇವಣಿಯ ಜಗಳವಿಲ್ಲ. ಠೇವಣಿ ಕೈಗೆ ಬಂದ ಮೇಲೆಯೇ ಹೊರಡಿ. ‘ನಾಳೆ ಕಳಿಸುತ್ತೇವೆ’ ಎಂದದ್ದು ನಾಡಿದ್ದಾಗುತ್ತದೆ. ಸ್ವಂತ ಸೈಕಲ್ ತಂದವರು ಮೆಟ್ರೊದಲ್ಲಿ ಮರಳುವ ಆಸೆ ಇಟ್ಟುಕೊಳ್ಳಬೇಡಿ, ಅಲ್ಲಿ ಮಡಚುವ ಸೈಕಲ್ಲಿಗೆ ಮಾತ್ರ ಅವಕಾಶ. ಬಾಡಿಗೆಯದನ್ನು ಕೊಟ್ಟವರಿಗೆ ವಿಧಾನಸೌಧದ ನಿಲ್ದಾಣ ಪಕ್ಕದಲ್ಲೇ ಇದೆ. ಮರುದಿನ ತೊಡೆಗಿಂತ ಹೆಚ್ಚಾಗಿ ಕೂರುವ ಜಾಗ ನೋಯುತ್ತದೆ. ಸೀಟು ಕೆಟ್ಟದ್ದೆಂದು ಬೈಯಬೇಡಿ. ಎಲ್ಲರಿಗೂ ಆಗುತ್ತದೆ, ಎರಡು ದಿನಕ್ಕೆ ಹೋಗುತ್ತದೆ.